ಹಂಚಿನ ಗೂಡು, ಪ್ರಾರ್ಥನೆಯ ಮನೆ



1834ರಲ್ಲಿ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಉಪದೇಶ ಕೇಳಲು ಜನ ಸೇರುವುದು ಒಂದು ಮಾತು. ಸೇರಿದವರು ಸಭೆಯಾಗಿ ಉಳಿಯುವುದು ಬೇರೆಯೇ ಮಾತು. ದೀಕ್ಷಾಸ್ನಾನ ಪಡೆದ ಅನೇಕರಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿತು, ಹಿಡಿದ ಕಸುಬು ಕೈಬಿಟ್ಟಿತು. ಭಾನುವಾರದ ಪ್ರಾರ್ಥನೆ ಸೋಮವಾರದ ಹಸಿವನ್ನು ನೀಗಿಸೀತೆ?

ಆ ಪ್ರಶ್ನೆಗೆ ಬೆನ್ನು ತೋರಿಸಲಿಲ್ಲ ಎಂಬುದೇ ಮಿಷನ್ನಿನ ದೊಡ್ಡತನ ಎಂದು ನನ್ನ ನಂಬಿಕೆ. ಅಚ್ಚುಕೂಟ ಬಂತು, ಮಗ್ಗಗಳು ಬಂದವು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಕೆಂಪು ಹಂಚಾಗಿ ಊರೂರಿನ ಮಾಡು ಏರಿತು. ಹೊಸ ಸಭೆಯ ಕುಟುಂಬಗಳ ಒಲೆ ಉರಿಯಿತು. ತೊಡಕೂ ಇತ್ತು. ಕೂಲಿ ಕೊಡುವ ಕೈಯೇ ಉಪದೇಶವನ್ನೂ ಮಾಡಿದರೆ ಸಭೆ ಸ್ವಂತ ಕಾಲ ಮೇಲೆ ನಿಲ್ಲುವುದು ನಿಧಾನವಾಗುತ್ತದೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಬೇರೆಯವರ ಪಾಲಾದವು. ಆಗ ಸಭೆಯನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟರು, ಮಕ್ಕಳಿಗೆ ಕೀರ್ತನೆ ಕಲಿಸಿದ ತಾಯಂದಿರು. ಹಡಗಿನಲ್ಲಿ ಬಂದ ಮೂವರ ಹೆಸರು ಚರಿತ್ರೆಯ ಪುಟಗಳಲ್ಲಿದೆ. ಉಳಿದು ಕಟ್ಟಿದ ಈ ಜನರ ಹೆಸರುಗಳನ್ನೂ ನಮ್ಮ ಸಭೆಗಳು ಹುಡುಕಿ ಬರೆದಿಡಬೇಕು. ಹಳೆಯ ದಾಖಲೆ ಪುಸ್ತಕಗಳು ಗೆದ್ದಲು ಹಿಡಿಯುವ ಮೊದಲೇ.