ಬಟ್ಟೆಯ ಅಗಲ, ಮೈಯ ಅಳತೆ: ಯುರೋಪಿನ ಹಳೆಯ ಮೇಲುಡುಪುಗಳ ಮರುಹೊಲಿಗೆ

ಯುರೋಪಿನಲ್ಲಿ ಮಧ್ಯಯುಗದಿಂದ ಹದಿನೆಂಟನೆಯ ಶತಮಾನದವರೆಗೆ ಚಳಿಗೂ ಮಳೆಗೂ ತೊಡುತ್ತಿದ್ದ ನಿಲುವಂಗಿ, ಹೆಗಲುಹೊದಿಕೆ, ಕೋಟುಗಳನ್ನು ಇಂದು ಮತ್ತೆ ಹೊಲಿಯುವವರು ರಂಗಭೂಮಿಯಲ್ಲಿದ್ದಾರೆ, ಸಂಗ್ರಹಾಲಯಗಳಲ್ಲಿದ್ದಾರೆ, ಇತಿಹಾಸದ ಮೇಲಿನ ಪ್ರೀತಿಯಿಂದ ಮನೆಯಲ್ಲೇ ಸೂಜಿ ಹಿಡಿದವರೂ ಇದ್ದಾರೆ. ಇವರಲ್ಲಿ ಅನೇಕರು ನೆಚ್ಚುವುದು ಹಳೆಯ ಕಾಲದ ಹೋಲಿಕೆಯಿಂದ ಈಗ ಸಿದ್ಧಪಡಿಸಿದ ಕಾಗದದ ಮಾದರಿಗಳನ್ನು. ಮಾದರಿ ಎಂದರೆ ಉಡುಪಿನ ಒಂದೊಂದು ಭಾಗವನ್ನೂ ಬಿಡಿಸಿ ಚಪ್ಪಟೆಯಾಗಿ ಬರೆದ ಆಕಾರ; ಅದನ್ನು ಬಟ್ಟೆಯ ಮೇಲಿಟ್ಟು ಗುರುತು ಹಾಕಿ ಕತ್ತರಿಸುತ್ತಾರೆ. ಬೇರೆ ಬೇರೆ ಅಳತೆಯ ಇಂಥ ಮಾದರಿಗಳು ಅಂಗಡಿಯ ಸರಕಾದದ್ದು ಅಮೆರಿಕದ ಎಬೆನೀಜರ್ ಬಟರಿಕ್ ಅವುಗಳ ಮಾರಾಟ ಆರಂಭಿಸಿದ 1863ರಿಂದೀಚೆಗೆ. ಅದಕ್ಕೂ ಹಿಂದಿನ ಉಡುಪನ್ನು ಈ ಕ್ರಮಕ್ಕೆ ಒಗ್ಗಿಸಿದಾಗ ಹೊರನೋಟ ಉಳಿಯಬಹುದಾದರೂ, ಆ ಆಕಾರವನ್ನು ಹುಟ್ಟಿಸಿದ ಲೆಕ್ಕ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಳೆಯ ದರ್ಜಿಯ ಲೆಕ್ಕ ಮೊದಲಾಗುತ್ತಿದ್ದುದು ಬಟ್ಟೆಯ ಅಗಲದಿಂದ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಗೆ ಹತ್ತಿರವಿರುವ ಹೆರ್ಯೋಲ್ಫ್ಸ್‌ನೆಸ್ ಎಂಬ ನಾರ್ಡಿಕ್ ವಲಸಿಗರ ನೆಲೆಯಲ್ಲಿ ದೊರೆತಿದೆ. ಅಲ್ಲಿನ ಚರ್ಚಿನ ಅಂಗಳವನ್ನು ಕಡಲು ಕೊರೆಯುತ್ತಿದ್ದಾಗ ಡೆನ್ಮಾರ್ಕಿನ ಪೌಲ್ ನೋರ್ಲುಂಡ್ 1921ರಲ್ಲಿ ಉತ್ಖನನ ನಡೆಸಿದರು. ಮರ ಸಿಗುವುದೇ ದುರ್ಲಭವಾಗಿದ್ದ ಆ ನಾಡಿನಲ್ಲಿ ಅನೇಕರನ್ನು ಶವಪೆಟ್ಟಿಗೆಯಿಲ್ಲದೆ, ತೊಟ್ಟು ಹಳತಾದ ಉಡುಪುಗಳಲ್ಲೇ ಸುತ್ತಿ ಹೂಳಿದ್ದರು. ಹೆಪ್ಪುಗಟ್ಟಿದ ಮಣ್ಣು ಆ ಉಣ್ಣೆಯನ್ನು ಶತಮಾನಗಳ ಕಾಲ ಕಾಪಾಡಿತ್ತು. ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಈ ನಿಲುವಂಗಿಗಳು ರಾಜರವಲ್ಲ, ದನಕುರಿ ಸಾಕಿ ಬದುಕಿದವರವು ಎಂಬುದರಿಂದಲೇ ಅವುಗಳ ಬೆಲೆ ಹೆಚ್ಚು. ಅವುಗಳ ಕಟ್ಟು ಸರಳವಾಗಿ ಕಂಡರೂ ಬಹಳ ಯೋಚಿಸಿ ಮಾಡಿದ್ದು: ಎದೆ ಮತ್ತು ಬೆನ್ನಿನ ಭಾಗಗಳನ್ನು ನೇರವಾಗಿಯೇ ಇಟ್ಟುಕೊಂಡು, ಪಕ್ಕಗಳಲ್ಲಿ ಮತ್ತು ಹಲವು ಅಂಗಿಗಳಲ್ಲಿ ಮುಂದೆ ಹಿಂದೆ ನಡುವಿನಲ್ಲೂ ಉದ್ದನೆಯ ತ್ರಿಕೋನದ ತುಂಡುಗಳನ್ನು ಸೇರಿಸಿ, ಕೆಳಗಿನ ಘೇರನ್ನು ಹಿಗ್ಗಿಸಿದ್ದಾರೆ. ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಒಂದೇ ಕತ್ತರಿಗೆ ಎರಡು ತ್ರಿಕೋನ ಬರುತ್ತವೆ, ಚೂರೂ ಉಳಿಯುವುದಿಲ್ಲ. ಹೀಗೆ ಕತ್ತರಿಸಿದ ತ್ರಿಕೋನದ ಒಂದು ಅಂಚು ಹಾಸಿನ ಎಳೆಯ ನೇರಕ್ಕಿದ್ದು ಗಟ್ಟಿಯಾಗಿರುತ್ತದೆ, ಇನ್ನೊಂದು ಓರೆಯಾಗಿದ್ದು ಜಗ್ಗುತ್ತದೆ. ಜಗ್ಗುವ ಅಂಚನ್ನು ನೇರ ಅಂಚಿಗೆ ಕೂಡಿಸಿ ಹೊಲಿದರೆ ಘೇರು ಸೊಟ್ಟಗೆ ಇಳಿಬೀಳುವುದಿಲ್ಲ. ಈ ತುಂಡುಗಳನ್ನು ಅಲಂಕಾರವೆಂದು ಬಗೆದು, ಇಡೀ ಘೇರನ್ನು ಒಂದೇ ಅಗಲ ತುಂಡಿನಲ್ಲಿ ಬರೆದುಕೊಡುವ ಮಾದರಿ ಹೊಲಿಗೆಯ ಶ್ರಮವನ್ನು ಕಡಿಮೆ ಮಾಡುತ್ತದೆ. ಆದರೆ ಕೈಯಿಂದ ನೂತು ನಿಲುಮಗ್ಗದಲ್ಲಿ ನೇಯ್ದ ಬಟ್ಟೆಯ ಒಂದು ಗೇಣನ್ನೂ ಹಾಳುಮಾಡಲೊಲ್ಲದ ಮನಸ್ಸು ಅದರಲ್ಲಿ ಕಾಣಸಿಗುವುದಿಲ್ಲ.

ಇದೇ ಮನಸ್ಸು ಪುಸ್ತಕವಾಗಿ ಅಚ್ಚಾದದ್ದು 1580ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಹುವಾನ್ ದೆ ಆಲ್ಸೆಗಾ ಎಂಬ ದರ್ಜಿ ತನ್ನ ಕಸುಬನ್ನು ರೇಖಾಗಣಿತವೆಂದೇ ಕರೆದು ಪ್ರಕಟಿಸಿದ ಆ ಕೃತಿಯಲ್ಲಿ ಹೆಗಲುಹೊದಿಕೆಗಳು, ನಿಲುವಂಗಿಗಳು, ಪಾದ್ರಿಗಳ ಉಡುಪುಗಳು ಇವೆ. ಇಂತಿಷ್ಟು ಅಗಲದ ರೇಷ್ಮೆಗೆ ಅಥವಾ ಉಣ್ಣೆಗೆ ಎಷ್ಟು ವಾರಾ ಬೇಕು, ತುಂಡುಗಳನ್ನು ಯಾವ ಕ್ರಮದಲ್ಲಿ ಹಾಸಬೇಕು ಎಂಬುದೇ ಅದರ ತಿರುಳು. ವಾರಾ ಎಂದರೆ ಸುಮಾರು 84 ಸೆಂಟಿಮೀಟರಿನ ಸ್ಪೇನಿನ ಅಳತೆ. ಹೊಲಿಯುವ ಬಗೆಯನ್ನು ಅದು ಕಲಿಸುವುದಿಲ್ಲ, ಏಕೆಂದರೆ ಓದುವವನು ಕಸುಬು ಬಲ್ಲವನೆಂದೇ ಅದರ ಎಣಿಕೆ.

ಬಟ್ಟೆಯ ಗುಣವೂ ಅಗಲದಷ್ಟೇ ಮುಖ್ಯ. ಇಂಗ್ಲೆಂಡಿನ ಬ್ರಾಡ್‌ಕ್ಲಾತ್ ಎಂಬ ಅಗಲ ಉಣ್ಣೆಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ಕುಟ್ಟಿ ಕುಗ್ಗಿಸಿ, ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮಾಡಿ, ಮೇಲಿನ ನವಿರನ್ನು ಎಬ್ಬಿಸಿ ಕತ್ತರಿಸುತ್ತಿದ್ದರು. ಮಲೆನಾಡಿನ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿದವರಿಗೆ ದಟ್ಟ ಉಣ್ಣೆ ನೀರನ್ನು ತಡೆಯುವ ಬಗೆ ಗೊತ್ತಿರುತ್ತದೆ. ಬ್ರಾಡ್‌ಕ್ಲಾತಿನಲ್ಲಿ ಆ ಗುಣದ ಜೊತೆಗೆ ಇನ್ನೊಂದು ಲಾಭವಿತ್ತು. ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚದ ಕಾರಣ ಹದಿನೆಂಟನೆಯ ಶತಮಾನದ ಹೆಗಲುಹೊದಿಕೆಯ ಅಂಚನ್ನು ಮಡಿಸದೆ ಹಾಗೆಯೇ ಬಿಡಬಹುದಾಗಿತ್ತು. ಜಾನ್ ಕೇ 1733ರಲ್ಲಿ ಹಾರುವ ಲಾಳಿಗೆ ಹಕ್ಕುಪತ್ರ ಪಡೆಯುವವರೆಗೆ ಇಷ್ಟು ಅಗಲದ ಬಟ್ಟೆಗೆ ಮಗ್ಗದಲ್ಲಿ ಇಬ್ಬರು ನೇಕಾರರು ಬೇಕಾಗುತ್ತಿದ್ದರು. ಇಂದಿನ ತೆಳು ಉಣ್ಣೆಯಲ್ಲಿ ಅದೇ ಮಾದರಿಯನ್ನು ಕತ್ತರಿಸಿದವರು ಅಂಚು ಮಡಿಸಲೇಬೇಕಾಗುತ್ತದೆ. ಮಡಿಸಿದೊಡನೆ ಅಂಚು ದಪ್ಪವಾಗಿ ಹೊದಿಕೆ ಬೀಳುವ ರೀತಿಯೇ ಬದಲಾಗುತ್ತದೆ.

ಹೊಲಿದ ಕೋಟುಗಳ ವಿಷಯದಲ್ಲಿ ಮೈಯ ಪ್ರಶ್ನೆಯೂ ಏಳುತ್ತದೆ. ಜಾನೆಟ್ ಆರ್ನಲ್ಡ್ (1932–1998) ಸಂಗ್ರಹಾಲಯಗಳಲ್ಲಿ ಉಳಿದ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು ಎಂಟನೆಯ ಒಂದು ಪ್ರಮಾಣದಲ್ಲಿ ಬರೆದ ನಕ್ಷೆಗಳು ಈ ಕ್ಷೇತ್ರಕ್ಕೆ ಸಿಕ್ಕ ಅತ್ಯಂತ ಪ್ರಾಮಾಣಿಕ ಆಧಾರ. 1560ರಿಂದ 1620ರವರೆಗಿನ ಉಡುಪುಗಳ ಸಂಪುಟ 1985ರಲ್ಲಿ ಬಂತು. ಪ್ರತಿ ನಕ್ಷೆಯೂ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೈಗೆ ಕತ್ತರಿಸಿದ ಉಡುಪಿನದು. ಆದ್ದರಿಂದ ಅದನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸದೆ, ಅಗ್ಗದ ಹತ್ತಿಬಟ್ಟೆಯಲ್ಲಿ ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡುವವರ ಮೈಮೇಲೆಯೇ ತಿದ್ದಬೇಕು. ಹದಿನೆಂಟನೆಯ ಶತಮಾನದ ಗಂಡಸರ ಕೋಟಿನಲ್ಲಿ ಬೆನ್ನು ಕಿರಿದಾಗಿ, ತೋಳಿನ ಕಂಕುಳು ಎತ್ತರದಲ್ಲಿರುತ್ತದೆ. ಇದು ಬಿಗಿಯೆಂದು ತೋರಿ ಕೆಳಕ್ಕೆ ಕೊರೆದು ಸಡಿಲಿಸಿದರೆ, ಕೈ ಎತ್ತಿದಾಗಲೆಲ್ಲ ಇಡೀ ಕೋಟು ಮೇಲಕ್ಕೇರುತ್ತದೆ. ಎತ್ತರದ ಕಂಕುಳೇ ಕೈಗೆ ಓಡಾಟ ಕೊಡುವಂಥದು. ಎದೆಯ ಭಾಗ ನೆಟ್ಟಗೆ ನಿಲ್ಲುವುದು ಒಳಗಿನ ಗಡುಸಾದ ಲಿನನ್‌ನಿಂದ, ಮೇಣ ಸವರಿದ ಲಿನನ್ ದಾರದ ಕೈಹೊಲಿಗೆಯಿಂದ. ಕಣ್ಣಿಗೆ ಬೀಳದ ಕಡೆ ಯಂತ್ರದ ಹೊಲಿಗೆ ಹಾಕುವುದನ್ನು ತಪ್ಪೆನ್ನಬೇಕಾಗಿಲ್ಲ. ಒಳಪದರವನ್ನು ಬಿಟ್ಟುಬಿಡುವುದು ಮಾತ್ರ ತಪ್ಪೇ.

ಹಳೆಯ ಮೇಲುಡುಪನ್ನು ಹೊಲಿಯಲು ಹೊರಟವರು ಮಾದರಿ ಕೊಳ್ಳುವ ಮೊದಲು ಬಟ್ಟೆಯನ್ನು ಕೊಳ್ಳಲಿ, ಅದರ ಅಗಲವನ್ನು ಅಳೆಯಲಿ, ಒಂದು ತುಂಡನ್ನು ನೆನೆಸಿ ಕುಗ್ಗುವುದೆಷ್ಟು ಎಂದು ನೋಡಲಿ, ಆಮೇಲೆ ಕತ್ತರಿ ಹಿಡಿಯಲಿ.