ಕ್ಯಾಸೆಟ್ ಅಂಗಡಿಯಲ್ಲಿ ಉಳಿದುಹೋದ ಮುತ್ತು



ಆಹ್ವಾನ ಪತ್ರಿಕೆಯಲ್ಲಿ ‘ದಿಕ್ಸೂಚಿ ಭಾಷಣ’ ಎಂದು ಹಾಕಿದ್ದಾರೆ. ದಿಕ್ಕು ತೋರಿಸುವಷ್ಟು ದೊಡ್ಡವನು ನಾನಲ್ಲ. ಸಂಘದವರು ಕೊಟ್ಟ ವಿಷಯ, ನಾವು ಮರೆತ ನಮ್ಮ ಸಿನಿಮಾಗಳು. ಪಟ್ಟಿ ಓದುತ್ತಾ ಹೋದರೆ ನಿಮಗೆ ಊಟದ ನೆನಪಾಗುತ್ತದೆ. ಹಾಗಾಗಿ ಒಂದೇ ಸಿನಿಮಾದ ಬಗ್ಗೆ ಹೇಳುತ್ತೇನೆ: ‘ಒಂದು ಮುತ್ತಿನ ಕಥೆ’.

1987ರ ಚಿತ್ರ. ನಾಯಕ ಡಾ. ರಾಜ್‌ಕುಮಾರ್, ನಿರ್ದೇಶಕ ಶಂಕರ್ ನಾಗ್. ಅಣ್ಣಾವ್ರನ್ನು ಶಂಕರ್ ನಿರ್ದೇಶಿಸಿದ್ದು ಅದೊಂದೇ ಸಲ. ಈ ಎರಡು ಹೆಸರಿಗೆ ಇವತ್ತೂ ಶಿಳ್ಳೆ ಬೀಳುತ್ತದೆ, ಈಗಷ್ಟೇ ಬಿತ್ತು. ಆದರೆ ಇಬ್ಬರೂ ಸೇರಿ ಮಾಡಿದ ಈ ಚಿತ್ರ ನೋಡಿದವರು ದಯವಿಟ್ಟು ಕೈ ಎತ್ತಿ. ಹನ್ನೊಂದು ಕೈ. ಇಷ್ಟು ದೊಡ್ಡ ಸಭೆಯಲ್ಲಿ!

ಅಮೆರಿಕದ ಜಾನ್ ಸ್ಟೈನ್‌ಬೆಕ್ 1947ರಲ್ಲಿ ‘ದಿ ಪರ್ಲ್’ ಎಂಬ ಪುಟ್ಟ ಕಾದಂಬರಿ ಪ್ರಕಟಿಸಿದರು. ಶಂಕರ್ ಅದರ ಎಳೆಯನ್ನು ನಮ್ಮ ಕಡಲಿಗೆ ತಂದರು. ಸಮುದ್ರ ನಂಬಿದ ಬಡವನೊಬ್ಬನಿಗೆ ದೊಡ್ಡ ಮುತ್ತು ಸಿಗುತ್ತದೆ, ಸಿಕ್ಕ ದಿನದಿಂದ ನೆಮ್ಮದಿ ಹೋಗುತ್ತದೆ. ಆಗ ಅಣ್ಣಾವ್ರಿಗೆ 58 ವರ್ಷ. ಹೊಡೆದಾಟದಲ್ಲಿ ಗೆದ್ದು ಬರುವ ರಾಜ್‌ಕುಮಾರ್ ಬೇಕಿದ್ದ ಜನಕ್ಕೆ ಈ ಸೋಲುವ ಮನುಷ್ಯ ಹಿಡಿಸಲಿಲ್ಲ, ಚಿತ್ರ ಓಡಲಿಲ್ಲ. ಅದೇ ಸುಮಾರಿಗೆ ಶಂಕರ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮಾತ್ರ ಎಲ್ಲರಿಗೂ ನೆನಪಿದೆ. ಚಿತ್ರದಲ್ಲಿ ಕೊರತೆ ಇಲ್ಲ ಎನ್ನುತ್ತಿಲ್ಲ, ಅಲ್ಲಲ್ಲಿ ಎಳೆದ ಹಾಗಿದೆ. ಆದರೂ ಮುತ್ತು ಕೈಗೆ ಬಂದ ಮೇಲೆ ಆ ಮುಖದಲ್ಲಿ ಸಂತೋಷದ ಹಿಂದೆಯೇ ಹೆದರಿಕೆ ಬರುವುದನ್ನು ನೋಡಬೇಕು.

ನಾನು ನೋಡಿದ್ದು ಇಲ್ಲೇ, 1994ರಲ್ಲಿ. ಎಂಟು ಜನರ ಬ್ಯಾಚುಲರ್ ರೂಮು, ಗುರುವಾರ ರಾತ್ರಿ ಬಾಡಿಗೆಗೆ ತಂದ ವಿ.ಎಚ್.ಎಸ್. ಕ್ಯಾಸೆಟ್. ರಾಜ್‌ಕುಮಾರ್ ಚಿತ್ರವೆಂದು ತಂದವನು ನಾನೇ. ಅರ್ಧ ಗಂಟೆಗೆ ಐವರು ಮಲಗಿದರು, ಒಬ್ಬ ನನ್ನನ್ನು ಬೈದು ಮಲಗಿದ. ಕೊನೆವರೆಗೆ ಕೂತವರು ನಾನು ಮತ್ತು ಗಂಗೊಳ್ಳಿಯ ಒಬ್ಬ ಹುಡುಗ. ಅವನ ಅಪ್ಪನದು ಮೀನುಗಾರಿಕೆ. ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸದೆ ಹೇಳಿದ, “ಅಣ್ಣಾ, ನಮ್ಮ ಮೀನಿಗೆ ನಮ್ಮ ಅಪ್ಪಯ್ಯ ಯಾವತ್ತೂ ರೇಟ್ ಹೇಳಿದ್ದಿಲ್ಲೆ.”

ಬಂದರಿನಲ್ಲಿ ಏಲಂ ಕೂಗುವವನು ಒಬ್ಬ, ಕೊಳ್ಳುವವನು ಇನ್ನೊಬ್ಬ, ಹಿಡಿದವನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾನೆ. ಸ್ಟೈನ್‌ಬೆಕ್ ಕಾದಂಬರಿಯ ಮುತ್ತಿನ ವ್ಯಾಪಾರಿಗಳೂ ಹೊರಗೆ ಪೈಪೋಟಿ ತೋರಿಸಿ ಒಳಗೊಳಗೇ ಬೆಲೆ ಕಟ್ಟಿ ಬಂದಿರುತ್ತಾರೆ. ಕಾದಂಬರಿ ನಾನು ಓದಿದ್ದು ಬಹಳ ವರ್ಷದ ನಂತರ. ಹುಡುಗನ ಮಾತು ಆಗ ಪೂರ್ತಿ ಅರ್ಥವಾಯಿತು.

ಇನ್ನೊಂದು ವಿಷಯ ತಿಳಿಯಲು ಇನ್ನೂ ತಡವಾಯಿತು. ನಾವು ಸಂಜೆ ತಿರುಗಾಡುವ ಈ ಕಾರ್ನಿಶ್‌ನ ಕಡಲು ಎಣ್ಣೆಗಿಂತ ಮುಂಚೆ ಮುತ್ತಿನ ಕಡಲು. ಮರಾವಾ ದ್ವೀಪದಲ್ಲಿ ಸಿಕ್ಕ ಮುತ್ತೊಂದು ಸುಮಾರು 8,000 ವರ್ಷ ಹಳೆಯದು. ಬೇಸಿಗೆಯ ನಾಲ್ಕು ತಿಂಗಳು ದೋಣಿ ದಡಕ್ಕೆ ಬರುವುದು ಅಪರೂಪ. ಮುಳುಗುವವನನ್ನು ಗೈಸ್ ಎನ್ನುತ್ತಿದ್ದರು. ಮೂಗಿಗೆ ಚಿಮಟಿ, ಕಾಲಿಗೆ ಕಲ್ಲಿನ ಭಾರ, ಕೊರಳಲ್ಲಿ ಚಿಪ್ಪು ತುಂಬುವ ಬುಟ್ಟಿ. ಮೇಲೆ ಹಗ್ಗ ಹಿಡಿದವನು ಸೈಬ್, ಇವನ ಉಸಿರು ಅವನ ಕೈಯಲ್ಲಿ. ದೋಣಿಯ ಯಜಮಾನ ನಖುದಾ. ಹೊರಡುವ ಮುಂಚೆ ಮನೆಯವರ ಊಟಕ್ಕೆಂದು ನಖುದಾನಿಂದ ಮುಂಗಡ ತೆಗೆದುಕೊಳ್ಳಬೇಕು. ಹಂಗಾಮು ಮುಗಿದು ಲೆಕ್ಕ ಹಾಕಿದರೆ ಸಾಲ ಉಳಿದೇ ಇರುತ್ತಿತ್ತು. ಮುಳುಗುವವನು ಸತ್ತರೆ ಸಾಲ ಮಕ್ಕಳ ತಲೆಗೆ ಬರುವುದೂ ಇತ್ತು. ಮುತ್ತು ಮಾತ್ರ ಬೊಂಬಾಯಿಗೆ, ಅಲ್ಲಿಂದ ಮುಂದಕ್ಕೆ. 1920ರ ನಂತರ ಜಪಾನಿನ ಕೃಷಿ ಮುತ್ತು ಬಂತು, 1929ರ ಜಾಗತಿಕ ಕುಸಿತ ಬಂತು, ಈ ದಡದ ಮನೆಗಳು ಹಸಿವು ಕಂಡವು. ಅಬುಧಾಬಿಯ ಮೊದಲ ಎಣ್ಣೆ ಹಡಗು ಹೊರಟಿದ್ದು 1962ರಲ್ಲಿ.

ನಾನು ಬರುವಾಗ ಏಜೆಂಟನಿಗೆ ಕೊಟ್ಟದ್ದು 45,000 ರೂಪಾಯಿ, ಅಮ್ಮನ ಬಳೆ ಅಡವಿಟ್ಟ ದುಡ್ಡು. ಸಂಬಳ 900 ದಿರ್ಹಂ ಎಂದಿದ್ದ, ಸಿಕ್ಕಿದ್ದು 700. ಬಳೆ ಬಿಡಿಸಲು ಎರಡೂವರೆ ವರ್ಷ ಹಿಡಿಯಿತು. ಊರಲ್ಲಿ ಮಾತ್ರ ನಾನು ‘ಗಲ್ಫಿನವನು’. ಮೊದಲ ರಜೆಗೆ ಹೋದಾಗ ಸಾಲ ಕೇಳಲು ಬಂದವರಿಗೆ ಅಪ್ಪ ಚಹಾ ಕೊಟ್ಟು ಸುಮ್ಮನೆ ಕೂತಿದ್ದರು. ನನಗೂ ಸಾಲ ಇದೆ ಎಂದು ಹೇಳಲು ನಾಚಿಕೆ. ಕೈಯಲ್ಲಿ ಮುತ್ತು ಇದೆ ಎಂದು ಇಡೀ ಊರು ನಂಬಿತ್ತು, ಆ ಮುತ್ತಿನ ರೇಟು ಯಾರೋ ಆಗಲೇ ಕಟ್ಟಿಯಾಗಿತ್ತು. ಈ ಸಭೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ, ಕೆಲವರು ತಲೆ ತಗ್ಗಿಸಿದ್ದು ಕಾಣುತ್ತಿದೆ.

ಬೆಂಗಳೂರಿನ ಥಿಯೇಟರಿನಲ್ಲಿ ಸೋತ ಚಿತ್ರ ಆ ರೂಮಿನಲ್ಲಿ ನಮ್ಮಿಬ್ಬರಿಗೆ ಸೋಲಲಿಲ್ಲ. ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋದರು, 35 ವರ್ಷ. ಅವರಿಗೆ ಇದನ್ನು ಹೇಳುವ ಅವಕಾಶ ನಮಗಿರಲಿಲ್ಲ.

ಗಂಗೊಳ್ಳಿಯ ಹುಡುಗ 2003ರಲ್ಲಿ ಊರಿಗೆ ಮರಳಿದ. ದೋಣಿಯಲ್ಲಿ ಪಾಲು ತೆಗೆದುಕೊಂಡಿದ್ದಾನೆ. ಮೊನ್ನೆ ಫೋನಿನಲ್ಲಿ ಈ ಭಾಷಣದ ಸುದ್ದಿ ಹೇಳಿದೆ. “ಆ ಕ್ಯಾಸೆಟ್ ವಾಪಸ್ ಕೊಟ್ರ್ಯಾ ಅಣ್ಣಾ?” ಎಂದು ಕೇಳಿದ. ಕೊಟ್ಟಿಲ್ಲ. ಅಂಗಡಿ ಮುಚ್ಚಿತು, ಕ್ಯಾಸೆಟ್ ನನ್ನಲ್ಲೇ ಇದೆ, ಹಾಕಲು ಪ್ಲೇಯರ್ ಇಲ್ಲ. ಊಟದ ನಂತರ ಸಂಘದ ಹುಡುಗರು ಲ್ಯಾಪ್‌ಟಾಪಿನಿಂದ ಇದೇ ಪರದೆಗೆ ಚಿತ್ರ ಹಾಕುತ್ತಾರೆ. ನಿದ್ದೆ ಬಂದವರು ಹಿಂದಿನ ಸಾಲಿನಲ್ಲಿ ಮಲಗಬಹುದು, ನಾನೇನೂ ಬೈಯುವುದಿಲ್ಲ.