ಸಹಿ ಹಾಕುವ ಮುನ್ನ ಓದಿ!

(ಗಲ್ಫಿಗೆ ಹೊರಟ ಯುವಕರ ಸಭೆಯಲ್ಲಿ ಆಡಿದ ಮಾತು)



ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿಗೆ ಹೋಗಿ ಬಂದವರಿಲ್ಲದ ಊರು ಹುಡುಕುವುದು ಕಷ್ಟ. ಬೆಂಗಳೂರು, ಹುಬ್ಬಳ್ಳಿಯ ಹುಡುಗರೂ ಡ್ರೈವರ್, ಎಲೆಕ್ಟ್ರಿಷಿಯನ್, ಹೋಟೆಲ್ ಕೆಲಸ ಎಂದು ವಿಮಾನ ಹತ್ತುತ್ತಿದ್ದಾರೆ. ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ದುಡಿಯಲು ಹೋಗುವುದು ಅವಮಾನವೇ? ಖಂಡಿತ ಅಲ್ಲ. ಆದರೆ ಆ ನೆಲದ ಕಾಯಿದೆ ತಿಳಿಯದೆ ಹೋಗಿ ಮೋಸಹೋದರೆ ಕಣ್ಣೀರು ಹಾಕುವವರು ನಿಮ್ಮ ತಾಯಿ ತಂದೆ. ದುಬೈ, ಅಬುಧಾಬಿ ಇರುವ ಯುಎಇ ಒಂದನ್ನೇ ತೆಗೆದುಕೊಂಡು ಹೇಳುತ್ತೇನೆ, ಕೇಳಿ.

ಮೊದಲು ನಮ್ಮ ದೇಶದ ಮಾತು. 1983ರ ವಲಸೆ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಇಲ್ಲದ ಏಜೆಂಟ್ ಯಾರನ್ನೂ ಹೊರದೇಶದ ಕೆಲಸಕ್ಕೆ ಕಳಿಸುವಂತಿಲ್ಲ. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಬಿಟ್ಟು ಹೆಚ್ಚು ಕೇಳುವಂತಿಲ್ಲ. ಲಕ್ಷ, ಎರಡು ಲಕ್ಷ ಕೇಳುವವನು ಯಾರು? ನೀವೇ ಲೆಕ್ಕ ಹಾಕಿ!

ಇನ್ನೊಂದು ವಿಷಯ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಮೇಲೆ 'ಇಸಿಆರ್' ಎಂದಿರುತ್ತದೆ. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು. ಆಗ ಅವರ ಒಪ್ಪಂದವನ್ನು ಅಧಿಕಾರಿಯೊಬ್ಬರು ನೋಡುತ್ತಾರೆ. ನೀವು ಓದಿದವರು, ನಿಮಗೆ ಆ ಅನುಮತಿ ಬೇಡ. ಅಂದರೆ ನಿಮ್ಮ ಕಾಗದವನ್ನು ನೋಡುವವರೂ ಯಾರಿಲ್ಲ. ನಿಮ್ಮ ಕಾಗದಕ್ಕೆ ನೀವೇ ಅಧಿಕಾರಿ!

ಈಗ ಆ ದೇಶದ ಕಾಯಿದೆ. 2021ರಲ್ಲಿ ಯುಎಇ ಹೊಸ ಕಾರ್ಮಿಕ ಕಾಯಿದೆ ಮಾಡಿತು. 2022ರ ಫೆಬ್ರವರಿ 2ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಹೆಚ್ಚು ದುಡಿಸಿದರೆ ಆ ಹೊತ್ತಿನ ಮೂಲ ವೇತನದ ಮೇಲೆ ಶೇಕಡಾ 25, ರಾತ್ರಿ 10ರಿಂದ ಬೆಳಗಿನ 4ರ ಒಳಗಾದರೆ ಶೇಕಡಾ 50 ಹೆಚ್ಚು ಕೊಡಬೇಕು. ಪ್ರೊಬೇಷನ್ 6 ತಿಂಗಳು ಮೀರುವಂತಿಲ್ಲ. ವರ್ಷ ತುಂಬಿದವರಿಗೆ 30 ದಿನ ಸಂಬಳದ ರಜೆ. ನೇಮಕದ ಖರ್ಚನ್ನು ಮಾಲೀಕನೇ ಹೊರಬೇಕು. ನಿಮ್ಮ ಪಾಸ್‌ಪೋರ್ಟನ್ನು ಅವನು ಕಿತ್ತಿಟ್ಟುಕೊಳ್ಳುವಂತಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವುದೂ ನಿಷಿದ್ಧ.

ಮೋಸ ನಡೆಯುವುದೆಲ್ಲಿ? 'ಮೂಲ ವೇತನ' ಎಂಬ ಎರಡು ಪದಗಳಲ್ಲಿ! ಓಟಿ, ಗ್ರಾಚ್ಯುಟಿ ಎರಡಕ್ಕೂ ಲೆಕ್ಕ ಹಿಡಿಯುವುದು ಅದನ್ನೇ. ಕೆಲಸ ಬಿಡುವಾಗ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಬರುತ್ತದೆ. ಏಜೆಂಟ್ 1,800 ದಿರ್ಹಮ್ ಸಂಬಳ ಎನ್ನುತ್ತಾನೆ. ಕಾಗದದಲ್ಲಿ ಮೂಲ ವೇತನ 1,000, ಉಳಿದದ್ದು ಭತ್ಯೆ. ಐದು ವರ್ಷದ ಕೊನೆಗೆ ನಿಮ್ಮ ಕೈಗೆ ಬರುವುದು 3,500 ದಿರ್ಹಮ್. ಪೂರಾ 1,800 ಮೂಲ ವೇತನವಾಗಿದ್ದರೆ 6,300 ಬರುತ್ತಿತ್ತು. ಒಂದು ಸಾಲು ಓದದೆ ಹೋದದ್ದಕ್ಕೆ ಎಷ್ಟು ದಂಡ ನೋಡಿ!

ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸಕ್ಕೆ ಸೇರಿಸುತ್ತೇನೆ ಎನ್ನುವವನನ್ನು ಎಂದೂ ನಂಬಬೇಡಿ. ಪರ್ಮಿಟ್ ಇಲ್ಲದೆ ದುಡಿಯುವುದು ಅಲ್ಲಿ ಅಪರಾಧ. ಹಾಗೆ ದುಡಿಸಿಕೊಳ್ಳುವ ಮಾಲೀಕನಿಗೆ 2024ರಿಂದ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ ನಿಜ. ಆದರೆ ನೀವೂ ಸಿಕ್ಕಿಬೀಳುತ್ತೀರಿ. ಮನೆಗೆಲಸಕ್ಕೆ ಹೋಗುವ ಅಕ್ಕತಂಗಿಯರಿಗೆ ಇನ್ನೊಂದು ಮಾತು: ನಾನು ಹೇಳಿದ ಕಾಯಿದೆ ನಿಮಗೆ ಅನ್ವಯಿಸುವುದಿಲ್ಲ. ನಿಮಗಾಗಿ 2022ರ ಬೇರೆ ಕಾಯಿದೆಯಿದೆ. ಅದನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ನುಡಿಯ ಪ್ರಶ್ನೆ. ಒಪ್ಪಂದ ಅರಬ್ಬಿಯಲ್ಲಿರುತ್ತದೆ. ಜೊತೆಗೆ ಕಾರ್ಮಿಕನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಇರಬೇಕು ಎನ್ನುತ್ತದೆ ಅಲ್ಲಿನ ಕಾಯಿದೆ. ಎರಡಕ್ಕೂ ವ್ಯತ್ಯಾಸ ಬಂದರೆ ಅರಬ್ಬಿಯದೇ ಅಂತಿಮ. 2016ರ ಜನವರಿಯಿಂದ ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನ ಭಾಷೆಯಲ್ಲೂ ಕೊಡುವ ಪದ್ಧತಿ ಬಂತು. ಅಂದು ಗೊತ್ತುಮಾಡಿದ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಮಲಯಾಳಂ, ತಮಿಳು ಇದ್ದವು. ಕನ್ನಡ ಇರಲಿಲ್ಲ!

ಯಾರನ್ನು ದೂರೋಣ? ಅರಬರನ್ನೇ? ಕೇರಳ 1996ರಲ್ಲೇ ಹೊರನಾಡ ಮಲಯಾಳಿಗಳಿಗಾಗಿ 'ನೋರ್ಕಾ' ಎಂಬ ಪ್ರತ್ಯೇಕ ಇಲಾಖೆ ಕಟ್ಟಿತು. ಕೇಳುವವರಿದ್ದರೆ ಭಾಷೆಗೆ ಜಾಗ ಸಿಗುತ್ತದೆ. ಹಿಂದಿ ಬಂದರೆ ಸಾಕಲ್ಲ ಎನ್ನುವವರಿಗೆ ನನ್ನ ಪ್ರಶ್ನೆ: ಹುಬ್ಬಳ್ಳಿಯ ಗಾರೆ ಕೆಲಸದವನು ತನ್ನ ಕೂಲಿಯ ಷರತ್ತನ್ನು ತನ್ನ ನುಡಿಯಲ್ಲಿ ಓದಬಾರದೇ? ನಮ್ಮ ಸರ್ಕಾರವೂ ಸಂಸದರೂ ದೆಹಲಿಯ ವಿದೇಶಾಂಗ ಇಲಾಖೆಯ ಮೂಲಕ ಕನ್ನಡ ಪ್ರತಿಯನ್ನು ಕೇಳಬೇಕು. ಕೇಳುವಂತೆ ನಾವು ಒತ್ತಾಯಿಸಬೇಕು.

ಅಲ್ಲಿಯತನಕ? ಓದಿದವರು ಓದದವರಿಗೆ ಓದಿ ಹೇಳಿ. ನಿಮ್ಮ ಬೀದಿಯಿಂದ ಒಬ್ಬ ಹೊರಟರೆ ಅವನ ಕಾಗದವನ್ನು ಕೂತು ಕನ್ನಡದಲ್ಲಿ ಬಿಡಿಸಿ ಹೇಳಿ. ಮೂಲ ವೇತನ ಎಷ್ಟು, ಕೆಲಸ ಯಾವುದು, ಎಷ್ಟು ವರ್ಷ, ಮಾಲೀಕ ಯಾರು — ನಾಲ್ಕನ್ನೂ ಬರೆಸಿ. ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಒಂದೊಂದು ಪ್ರತಿ ಅವನ ಮನೆಯಲ್ಲಿರಲಿ. ನಾಳೆ ದೂರು ಕೊಡಬೇಕಾಗಿ ಬಂದರೆ ರಾಯಭಾರ ಕಚೇರಿ ಮೊದಲು ಕೇಳುವುದು ಅದನ್ನೇ. ಇದೂ ಕನ್ನಡದ ಕೆಲಸವೇ, ಗೆಳೆಯರೇ. ಇಂದೇ ಶುರುಮಾಡಿ!